ರೆಂಡರ್ ಚಿತ್ರಕ್ಕೆ ಅಳತೆಯ ಬೆಳಕು ತುಂಬುವುದು ಹೇಗೆ

ಮನೆಗೆ ಪಾಯ ತೆಗೆಯುವ ಮೊದಲೇ ಅದರ ಹಾಲ್‌ನಲ್ಲಿ ಬಿಸಿಲು ಹೇಗೆ ಬೀಳುತ್ತದೆ ಎಂದು ತೋರಿಸುವ ರೆಂಡರ್, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯಿಂದ ತೆಗೆದ ಚಿತ್ರ, ಈಗ ಸಣ್ಣ ಆರ್ಕಿಟೆಕ್ಟ್ ಕಚೇರಿಯಲ್ಲೂ ತಯಾರಾಗುತ್ತದೆ. ಆ ಬಿಸಿಲು ಯಾವ ತಿಂಗಳಿನದು, ಎಷ್ಟು ಗಂಟೆಯದು, ಚಾವಣಿಯಲ್ಲಿ ಉರಿಯುತ್ತಿರುವ ದೀಪ ಎಷ್ಟು ಲ್ಯೂಮೆನ್‌ನದು (ಅದು ಚೆಲ್ಲುವ ಒಟ್ಟು ಬೆಳಕಿನ ಅಳತೆ) ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಸ್ಲೈಡರ್ ಎಳೆಯುತ್ತ ಹೋಗಿ ಕಣ್ಣಿಗೆ ಚೆನ್ನಾಗಿ ಕಂಡಲ್ಲಿ ನಿಲ್ಲಿಸಿರುತ್ತಾರೆ, ಅಷ್ಟೆ. ಮನೆ ಕಟ್ಟಿಸುವವರಿಗೆ ಇದು ತಿಳಿಯುವುದಿಲ್ಲ. ಅವರ ಪಾಲಿಗೆ ಆ ಚಿತ್ರವೆಂದರೆ ಕೊಟ್ಟ ಮಾತು. ಗೃಹಪ್ರವೇಶವಾದ ಮೇಲೆ ಹಗಲಲ್ಲೂ ಟ್ಯೂಬ್‌ಲೈಟ್ ಹಾಕಬೇಕಾಗಿ ಬಂದಾಗ ಅವರು ಚಿತ್ರವನ್ನು ತೆಗೆದು ತೋರಿಸಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಬೆಳಕಿನ ನಿಜವಾದ ಅಂಕಿಅಂಶಗಳು ಸಿಗದ ವಸ್ತುಗಳೇನಲ್ಲ. ಸೂರ್ಯನ ಸ್ಥಾನ ಲೆಕ್ಕದಿಂದ ಬರುತ್ತದೆ. ಊರಿನ ಹವಾಮಾನದ ಕಡತ ಉಚಿತವಾಗಿ ಸಿಗುತ್ತದೆ. ದೀಪ ಎತ್ತ ಎಷ್ಟು ಬೆಳಕು ಚೆಲ್ಲುತ್ತದೆ ಎಂಬ ಕಡತವನ್ನು ತಯಾರಕರೇ ಕೊಡುತ್ತಾರೆ. ಈ ಮೂರನ್ನೂ ಒಂದೇ ಅಳತೆಗೋಲಿಗೆ ತರುವುದೇ ನಿಜವಾದ ಕೆಲಸ. ಹಾಗೆ ತಂದ ಮೇಲೆ ದೀಪವನ್ನೂ ಸೂರ್ಯನನ್ನೂ ಮುಟ್ಟಬಾರದು. ಚಿತ್ರ ಕತ್ತಲಾದರೆ ಕ್ಯಾಮೆರಾದ ಎಕ್ಸ್‌ಪೋಶರ್, ಅಂದರೆ ಅದು ಎಷ್ಟು ಬೆಳಕನ್ನು ಹಿಡಿದುಕೊಳ್ಳುತ್ತದೆ ಎಂಬುದನ್ನು ಬದಲಿಸಬೇಕು. ಈ ಒಂದು ಶಿಸ್ತನ್ನು ಪಾಲಿಸಲಾಗದಿದ್ದರೆ ಮುಂದಿನದನ್ನು ಓದುವ ಅಗತ್ಯವಿಲ್ಲ.

ಉದಾಹರಣೆಗೆ ಬೆಂಗಳೂರಿನ 30×40 ನಿವೇಶನದ ಒಂದು ಮನೆಯ ನೆಲಮಹಡಿಯ ಹಾಲ್ ಅನ್ನು ತೆಗೆದುಕೊಳ್ಳೋಣ. ತಂತ್ರಾಂಶ ಬ್ಲೆಂಡರ್, ಬೆಳಕನ್ನು ಲೆಕ್ಕ ಹಾಕಿ ಚಿತ್ರ ತೆಗೆಯುವುದು ಅದರ ಸೈಕಲ್ಸ್ ಎಂಜಿನ್. ಇದು ಉಚಿತ, ಜೊತೆಗೆ ಇದರೊಳಗಿನ ಲೆಕ್ಕ ಬಹಿರಂಗ. ವಿ-ರೇ, ಕೊರೋನಾ, ಎನ್‌ಸ್ಕೇಪ್ ಬಳಸುವವರಿಗೆ ಗುಂಡಿಗಳ ಹೆಸರು ಬೇರೆ, ತತ್ವ ಒಂದೇ.

ಮೊದಲು ಮಾದರಿ ಸರಿಯಿರಲಿ

ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ಮಿಲಿಮೀಟರಿನಲ್ಲಿ ಬರೆದ ನಕ್ಷೆಯನ್ನು ತಂತ್ರಾಂಶ ಮೀಟರ್ ಎಂದು ಓದಿಕೊಂಡರೆ ದೂರ ಸಾವಿರ ಪಟ್ಟಾಗುತ್ತದೆ, ದೀಪದ ಬೆಳಕು ಹತ್ತು ಲಕ್ಷ ಪಟ್ಟು ಕುಗ್ಗುತ್ತದೆ. ಆದ್ದರಿಂದ ಮಾದರಿಯನ್ನು ಆಮದು ಮಾಡಿಕೊಂಡ ಕೂಡಲೇ ಒಂದು ಬಾಗಿಲನ್ನು ಅಳೆಯಿರಿ. ಎತ್ತರ 2.1 ಮೀಟರ್ ಬಂದರೆ ಮುಂದುವರಿಯಿರಿ.

ಎರಡನೆಯದು ಉತ್ತರ ದಿಕ್ಕು. ನಕ್ಷೆಯ ಮೂಲೆಯಲ್ಲಿರುವ ಬಾಣವನ್ನು ಕಣ್ಣುಮುಚ್ಚಿ ನಂಬಬೇಡಿ. ಬಡಾವಣೆಯ ರಸ್ತೆ ಹದಿನೈದು-ಇಪ್ಪತ್ತು ಡಿಗ್ರಿ ವಾಲಿದ್ದರೂ ನಿವೇಶನವನ್ನು ಅಚ್ಚುಕಟ್ಟಾದ ಪೂರ್ವಾಭಿಮುಖವೆಂದೇ ಮಾರುವವರಿದ್ದಾರೆ. ವಾಸ್ತುವಿಗೆ ಅದು ನಡೆದೀತು, ಸೂರ್ಯನಿಗೆ ನಡೆಯುವುದಿಲ್ಲ. ಉಪಗ್ರಹ ನಕ್ಷೆಯಲ್ಲಿ ನಿವೇಶನವನ್ನು ಹುಡುಕಿ, ರಸ್ತೆಯ ಅಂಚಿಗೂ ನೇರ ಉತ್ತರಕ್ಕೂ ಇರುವ ಕೋನವನ್ನು ಅಳೆದು, ಅಷ್ಟೇ ಕೋನಕ್ಕೆ ಮಾದರಿಯ ಉತ್ತರವನ್ನು ಹೊಂದಿಸಿ.

ಮೂರನೆಯದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ: ಪಕ್ಕದ ಮನೆ. ಹವಾಮಾನದ ಕಡತದಲ್ಲಿರುವುದು ಬಯಲಿನಲ್ಲಿ ಬೀಳುವ ಬೆಳಕು. ನಿಮ್ಮ ಹಾಲ್‌ನ ಕಿಟಕಿಯಿಂದ ಆರೇಳು ಅಡಿ ಆಚೆ ಮೂರು ಮಹಡಿಯ ಗೋಡೆ ನಿಂತಿದ್ದರೆ ಆ ಬೆಳಕಿನ ಬಹುಭಾಗ ಒಳಗೆ ಬರುವುದೇ ಇಲ್ಲ. ನಾಲ್ಕೂ ಕಡೆಯ ಕಟ್ಟಡಗಳನ್ನು ಬರಿಯ ಪೆಟ್ಟಿಗೆಗಳಾಗಿಯಾದರೂ ಎಬ್ಬಿಸಿ, ಗೋಡೆಗೆ 0.5ರಷ್ಟು ಪ್ರತಿಫಲನ ಕೊಡಿ. ನೆಲಮಹಡಿಯ ಕೋಣೆಗೆ ಬರುವ ಹಗಲು ಬೆಳಕು ಎಷ್ಟೋ ವೇಳೆ ಆಕಾಶದಿಂದ ನೇರವಾಗಿ ಬಂದದ್ದಲ್ಲ, ಪಕ್ಕದ ಮನೆಯ ಬಣ್ಣದ ಗೋಡೆಗೆ ತಾಗಿ ಬಂದದ್ದು. ಆ ಗೋಡೆ ಹಸಿರಾಗಿದ್ದರೆ ನಿಮ್ಮ ಬಿಳಿ ಚಾವಣಿಯೂ ತುಸು ಹಸಿರಾಗುತ್ತದೆ. ರೆಂಡರ್‌ನಲ್ಲಿಯೂ ಅದು ಕಾಣಲಿ.

ವಸ್ತುಗಳ ಪ್ರತಿಫಲನಕ್ಕೆ ಬೆಳಕಿನ ಎಂಜಿನಿಯರುಗಳು ಬಳಸುವ ರೂಢಿಯ ಅಂಕಿಗಳಿವೆ: ಚಾವಣಿಗೆ 0.7, ಗೋಡೆಗೆ 0.5, ನೆಲಕ್ಕೆ 0.2. ಹೊಸದಾಗಿ ಬಳಿದ ಬಿಳಿ ಗೋಡೆಗೂ 0.8ಕ್ಕಿಂತ ಹೆಚ್ಚು ಕೊಡಬೇಡಿ. 1.0 ಕೊಟ್ಟರೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ, ಕೋಣೆ ಸುಳ್ಳು ಸುಳ್ಳೇ ಹೊಳೆಯುತ್ತದೆ. ಕೆಂಪು ಆಕ್ಸೈಡ್ ನೆಲ, ಕಪ್ಪು ಗ್ರಾನೈಟ್ ಇದ್ದರೆ 0.2ಕ್ಕಿಂತಲೂ ಕೆಳಗಿಳಿಯಬೇಕು. ಈ ಅಂಕಿಗಳು ಲೀನಿಯರ್ ಮೌಲ್ಯಗಳು, ಅಂದರೆ ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುವವು. ಬಣ್ಣದ ಪೆಟ್ಟಿಗೆಯ ಹೆಕ್ಸ್ ಸಂಕೇತಕ್ಕೂ ಇವಕ್ಕೂ ನೇರ ಸಂಬಂಧವಿಲ್ಲ.

ಕಿಟಕಿಯಲ್ಲಿ ಗಾಜು ಇರಲಿ. ಸಾಧಾರಣ ಪಾರದರ್ಶಕ ಗಾಜಿನ ಒಂದು ಹಾಳೆ ಸುಮಾರು 88 ಶೇಕಡಾ ಬೆಳಕನ್ನು ಬಿಡುತ್ತದೆ. ಸೈಕಲ್ಸ್‌ನಲ್ಲಿ ಗ್ಲಾಸ್ ಶೇಡರ್ (ವಸ್ತು ಬೆಳಕಿಗೆ ಹೇಗೆ ವರ್ತಿಸಬೇಕು ಎಂದು ಹೇಳುವ ಹೊಂದಿಕೆ) ಹಾಕಿ ಒದ್ದಾಡುವ ಬದಲು ಟ್ರಾನ್ಸ್‌ಪರೆಂಟ್ ಶೇಡರ್‌ಗೆ 0.88ರ ಬಣ್ಣ ಕೊಟ್ಟರೆ ಸಾಕು. ಅದರ ಮೇಲೆ ಸೊಳ್ಳೆ ಜಾಲರಿ, ಕಬ್ಬಿಣದ ಸರಳು, ಸಜ್ಜ. ನಮ್ಮ ಕಿಟಕಿಗಳಲ್ಲಿ ಈ ಮೂರೂ ಇರುತ್ತವೆ, ನಮ್ಮ ರೆಂಡರ್‌ಗಳಲ್ಲಿ ಮೂರೂ ಇರುವುದಿಲ್ಲ.

ಬೆಂಗಳೂರಿನ ಸೂರ್ಯ

ಬ್ಲೆಂಡರ್‌ನ ಸನ್ ಪೊಸಿಶನ್ ಆಡ್-ಆನ್ ಹಾಕಿಕೊಂಡು ಅಕ್ಷಾಂಶ 12.97, ರೇಖಾಂಶ 77.59, ಸಮಯವಲಯ 5.5 ಎಂದು ತುಂಬಿ. ದಿನ, ಗಂಟೆ ಕೊಟ್ಟರೆ ಸೂರ್ಯ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಇಲ್ಲಿ ಕೆಲಸ ಮುಗಿಯಿತು ಎನ್ನುವ ಮುನ್ನ ಮೂರು ಸಂಗತಿಗಳನ್ನು ತಾಳೆ ನೋಡಿ.

ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಬೆಂಗಳೂರು ಅದಕ್ಕಿಂತ ಸುಮಾರು 4.9 ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 20 ನಿಮಿಷದ ವ್ಯತ್ಯಾಸ. ಹಾಗಾಗಿ ಇಲ್ಲಿ ಸೂರ್ಯನ ಮಧ್ಯಾಹ್ನ ಗಡಿಯಾರದ 12ಕ್ಕೆ ಆಗುವುದಿಲ್ಲ; ಋತುವಿಗೆ ತಕ್ಕಂತೆ 12:03ರಿಂದ 12:34ರ ನಡುವೆ ಆಗುತ್ತದೆ. ನಿಮ್ಮ ತಂತ್ರಾಂಶದಲ್ಲಿ ಸರಿಯಾಗಿ 12:00ಕ್ಕೆ ನೆರಳು ಉತ್ತರ-ದಕ್ಷಿಣ ರೇಖೆಯ ಮೇಲೆ ಬಿದ್ದರೆ ಸಮಯವಲಯವೋ ರೇಖಾಂಶವೋ ತಪ್ಪಾಗಿದೆ ಎಂದೇ ಅರ್ಥ.

ಎರಡನೆಯ ತಾಳೆ: ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಸೂರ್ಯ ಅಂದು ಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ. ಮಾದರಿಯ ಅಂಗಳದಲ್ಲಿ ಒಂದು ಕಂಬ ನಿಲ್ಲಿಸಿ ಆ ದಿನಾಂಕ ಕೊಟ್ಟು ನೋಡಿ. ಕಂಬದ ನೆರಳು ಬುಡದಲ್ಲೇ ಅಡಗಬೇಕು.

ಮೂರನೆಯದು ವಿನ್ಯಾಸದ ಮೇಲೇ ಪರಿಣಾಮ ಬೀರುವಂಥದ್ದು. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂಬ ಮಾತು ಯುರೋಪಿನ ಪುಸ್ತಕಗಳಿಂದ ಬಂದದ್ದು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜೂನ್ 21ರಂದು ಅವನು ಹುಟ್ಟುವುದೇ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಮಧ್ಯಾಹ್ನಕ್ಕೆ ಉತ್ತರದಲ್ಲಿ 79.5 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರ್ 21ರಂದು ದಕ್ಷಿಣದಲ್ಲಿ 53.6 ಡಿಗ್ರಿ. ಹೀಗಾಗಿ ಒಂದೇ ದಿನದ ಚಿತ್ರ ಕೊಟ್ಟರೆ ಕೆಲಸವಾಗದು. ಕನಿಷ್ಠ ಜೂನ್ ಮತ್ತು ಡಿಸೆಂಬರಿನ ತಲಾ ಬೆಳಗ್ಗೆ, ಸಂಜೆಯಾದರೂ ಬೇಕು. ಕಲಬುರಗಿ, ಬೀದರ್ ಕಡೆಯ ಮನೆಗೆ ಈ ದಿನಾಂಕಗಳು ಸರಿಯುತ್ತವೆ. ಅಲ್ಲಿ ಮೊದಲ ಶೂನ್ಯ ನೆರಳು ಮೇ ತಿಂಗಳಲ್ಲಿ.

ರೇಡಿಯನ್ಸ್ ಎಂಬ ಬೆಳಕಿನ ಲೆಕ್ಕದ ತಂತ್ರಾಂಶ ಬಳಸುವವರಿಗೆ ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ ಈ ತಂತ್ರಾಂಶದಲ್ಲಿ ಪಶ್ಚಿಮ ರೇಖಾಂಶ ಧನ, ಪೂರ್ವ ರೇಖಾಂಶ ಋಣ. ಬೆಂಗಳೂರಿಗೆ -77.59, ಭಾರತದ ಮಧ್ಯರೇಖೆಗೆ -82.5 ಎಂದೇ ಬರೆಯಬೇಕು. ಏನೂ ಬರೆಯದೆ ಬಿಟ್ಟರೆ ಬಸವನಗುಡಿಯ ಮನೆಗೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಸೂರ್ಯ ಉದಯಿಸುತ್ತಾನೆ.

ಹವಾಮಾನದ ಕಡತ

ಸೂರ್ಯ ಎಲ್ಲಿದ್ದಾನೆ ಎಂಬುದು ಖಗೋಳ. ಎಷ್ಟು ಬೆಳಗುತ್ತಿದ್ದಾನೆ ಎಂಬುದು ಮೋಡ, ಧೂಳು, ಮಳೆಗೆ ಸೇರಿದ್ದು. ಅದಕ್ಕೆ ಊರಿನ ಹವಾಮಾನವನ್ನು ಗಂಟೆ ಗಂಟೆಗೂ ಬರೆದ ಇಪಿಡಬ್ಲ್ಯೂ ಕಡತ ಬೇಕು. ಕಟ್ಟಡಗಳ ಶಕ್ತಿಯ ಲೆಕ್ಕ ಹಾಕುವ ಎನರ್ಜಿಪ್ಲಸ್ ತಂತ್ರಾಂಶದ ಜಾಲತಾಣದಲ್ಲಿ ಬೆಂಗಳೂರಿನದು 432950 ಎಂಬ ಕೇಂದ್ರ ಸಂಖ್ಯೆಯ ಹೆಸರಿನಲ್ಲಿ ಸಿಗುತ್ತದೆ. ಒನ್‌ಬಿಲ್ಡಿಂಗ್ ಜಾಲತಾಣದಲ್ಲಿ ಕರ್ನಾಟಕದ ಇನ್ನಷ್ಟು ಊರುಗಳಿವೆ.

ಕಡತವನ್ನು ಎಕ್ಸೆಲ್‌ನಲ್ಲಿ ಅಲ್ಪವಿರಾಮದಿಂದ ಬೇರ್ಪಡಿಸಿ ತೆರೆಯಿರಿ. ಮೊದಲ ಎಂಟು ಸಾಲು ಪೀಠಿಕೆ; ಅದರ ಮೊದಲ ಸಾಲಿನಲ್ಲಿ ಊರು, ಅಕ್ಷಾಂಶ, ರೇಖಾಂಶ, 5.5 ಎಂಬ ಸಮಯವಲಯ, ಎತ್ತರ ಇರುತ್ತವೆ. ಆಮೇಲೆ ವರ್ಷದ 8,760 ಗಂಟೆಗಳಿಗೆ ಒಂದೊಂದು ಸಾಲು. ನಮಗೆ ಬೇಕಾದ ಕಾಲಂಗಳು ಇಷ್ಟು:

- 14: ಸಮತಟ್ಟಾದ ನೆಲದ ಮೇಲೆ ಬೀಳುವ ಒಟ್ಟು ವಿಕಿರಣ
- 15: ಸೂರ್ಯನಿಗೆ ಎದುರಾಗಿ ಹಿಡಿದ ಮೇಲ್ಮೈಗೆ ಬೀಳುವ ನೇರ ವಿಕಿರಣ
- 16: ಆಕಾಶದಿಂದ ಚದುರಿ ಬರುವ ವಿಕಿರಣ
- 17, 18, 19: ಇದೇ ಮೂರು, ಆದರೆ ಲಕ್ಸ್‌ನಲ್ಲಿ (ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್)

ರೆಂಡರ್‌ಗೆ 18 ಮತ್ತು 19ನೆಯವು ಮುಖ್ಯ. ಅಲ್ಲಿ ಬರಿಯ 9ರ ಸಾಲು ಕಂಡರೆ ದತ್ತಾಂಶ ಇಲ್ಲ ಎಂದರ್ಥ; ಆಗ 15, 16ನೆಯ ಕಾಲಂಗಳ ವ್ಯಾಟ್ ಅಂಕಿಯನ್ನು ಸುಮಾರು 110ರಿಂದ ಗುಣಿಸಿ ಲಕ್ಸ್ ಮಾಡಿಕೊಳ್ಳಬಹುದು. ಇನ್ನೊಂದು ಸೂಕ್ಷ್ಮ: 10ನೆಯ ಗಂಟೆಯ ಸಾಲು ಎಂದರೆ 9ರಿಂದ 10ರವರೆಗಿನ ಅವಧಿ. ಆದ್ದರಿಂದ ಸೂರ್ಯನನ್ನು 9:30ಕ್ಕೆ ನಿಲ್ಲಿಸಬೇಕು. ಬೆಳಗಿನ ಹೊತ್ತು ಈ ಅರ್ಧ ಗಂಟೆಯಲ್ಲಿ ಸೂರ್ಯ ಏಳು ಡಿಗ್ರಿಯಷ್ಟು ಏರಿರುತ್ತಾನೆ, ಸಜ್ಜದ ನೆರಳು ಅಡಿಗಟ್ಟಲೆ ಸರಿದಿರುತ್ತದೆ.

ಈ ಕಡತ ಯಾವುದೋ ಒಂದು ನಿರ್ದಿಷ್ಟ ವರ್ಷದ್ದಲ್ಲ. ಹಲವು ವರ್ಷಗಳ ದಾಖಲೆಯಿಂದ ಆಯ್ದು ಜೋಡಿಸಿದ ಮಾದರಿ ವರ್ಷ. ಅದಕ್ಕಾಗಿ ಜುಲೈ 14ರ 10 ಗಂಟೆ ಎಂದು ಒಂದೇ ಸಾಲಿಗೆ ಜೋತುಬೀಳಬೇಡಿ. ಜುಲೈ ತಿಂಗಳ ಎಲ್ಲ 10 ಗಂಟೆಗಳನ್ನೂ ಸೋಸಿ, ನಡುವಿನ ಬೆಲೆಗೆ ಹತ್ತಿರದ ಒಂದು ದಿನವನ್ನು ಆರಿಸಿ. ನೇರ ಬೆಳಕಿನ ಕಾಲಂ ಸೊನ್ನೆಯ ಹತ್ತಿರವಿದ್ದು ಚದುರಿದ ಬೆಳಕಿನ ಕಾಲಂ ಮಾತ್ರ ತುಂಬಿದ್ದರೆ ಅದು ಮೋಡ ಮುಚ್ಚಿದ ದಿನ. ಬೆಂಗಳೂರಿನ ಮಳೆಗಾಲಕ್ಕೆ ಅಂಥ ಒಂದು ಚಿತ್ರ ಬೇಕೇ ಬೇಕು, ಏಕೆಂದರೆ ಕೋಣೆ ಕತ್ತಲೋ ಅಲ್ಲವೋ ಎಂಬುದು ಗೊತ್ತಾಗುವುದು ಅಂದೇ.

ಅಂಕಿಯನ್ನು ಆಕಾಶವಾಗಿಸುವುದು

ಈಗ ಅಳತೆಗೋಲಿನ ವಿಷಯ. ಸೈಕಲ್ಸ್ ಲಕ್ಸ್‌ನಲ್ಲಿ ಮಾತಾಡುವುದಿಲ್ಲ, ವ್ಯಾಟ್‌ನಲ್ಲಿ ಮಾತಾಡುತ್ತದೆ. ತಯಾರಕರು ಕೊಡುವ ಐಇಎಸ್ ಎಂಬ ಕಡತದ ದೀಪಗಳನ್ನು ಓದುವಾಗ ಅದು ಒಂದು ವ್ಯಾಟ್ ಬೆಳಕಿಗೆ 177.83 ಲ್ಯೂಮೆನ್ ಎಂದು ಹಿಡಿಯುತ್ತದೆ. ಇದು ಡಿ65 ಎಂಬ ಪ್ರಮಾಣಿತ ಹಗಲು ಬೆಳಕಿನ ದಕ್ಷತೆ. ದೀಪಕ್ಕೆ ಈ ಲೆಕ್ಕವಾದರೆ ಸೂರ್ಯನಿಗೂ ಇದೇ ಆಗಬೇಕು. ಹವಾಮಾನದ ಕಡತದ 700 ವ್ಯಾಟ್ ಅನ್ನು ನೇರವಾಗಿ ಸನ್ ಲೈಟ್‌ಗೆ ತುಂಬಿದರೆ ಸೂರ್ಯ ದೀಪಗಳಿಗಿಂತ ಒಂದೂವರೆ ಪಟ್ಟಿಗೂ ಮೀರಿ ಉಬ್ಬಿಬಿಡುತ್ತಾನೆ, ಏಕೆಂದರೆ ಆ 700ರಲ್ಲಿ ಕಣ್ಣಿಗೆ ಕಾಣದ ಅವಗೆಂಪು ಶಾಖವೂ ಸೇರಿದೆ.

ಮಾಡಬೇಕಾದದ್ದು ಇಷ್ಟೆ: ಲಕ್ಸ್ ಅನ್ನು 178ರಿಂದ ಭಾಗಿಸಿ. ನೇರ ಬೆಳಕು 70,000 ಲಕ್ಸ್ ಇದ್ದರೆ ಸನ್ ಲೈಟ್‌ನ ಸ್ಟ್ರೆಂತ್ 393. ಸೂರ್ಯಬಿಂಬದ ಕೋನ 0.53 ಡಿಗ್ರಿ ಇರಲಿ, ನೆರಳಿನ ಅಂಚು ಅದರಿಂದ ತಾನಾಗಿ ಮೃದುವಾಗುತ್ತದೆ.

ಆಕಾಶಕ್ಕೆ ಇನ್ನೊಂದು ಹೆಜ್ಜೆ ಇದೆ. ಎಲ್ಲೆಡೆ ಒಂದೇ ಸಮನಾಗಿ ಬೆಳಗುವ ಆಕಾಶವಾದರೆ ಬಂದ ಅಂಕಿಯನ್ನು ಮತ್ತೆ ಪೈ ಇಂದ, ಅಂದರೆ 3.14ರಿಂದ ಭಾಗಿಸಬೇಕು. ಚದುರಿದ ಬೆಳಕು 18,000 ಲಕ್ಸ್ ಇದ್ದರೆ 178ರಿಂದ ಭಾಗಿಸಿ 101, ಪೈ ಇಂದ ಭಾಗಿಸಿ 32. ವರ್ಲ್ಡ್ ಬ್ಯಾಕ್‌ಗ್ರೌಂಡಿನ ಸ್ಟ್ರೆಂತ್ 32.

ಆದರೆ ಆಕಾಶ ಒಂದೇ ಸಮ ಇರುವುದಿಲ್ಲ. ದಟ್ಟ ಮೋಡದ ದಿನ ನೆತ್ತಿಯ ಆಕಾಶ ದಿಗಂತಕ್ಕಿಂತ ಮೂರು ಪಟ್ಟು ಹೊಳೆಯುತ್ತದೆ. ಅಂತರರಾಷ್ಟ್ರೀಯ ಬೆಳಕಿನ ಆಯೋಗ ಸಿಐಇ ಒಪ್ಪಿದ ಮಾದರಿ ಇದು. ಇದನ್ನು ಕಡೆಗಣಿಸಿದರೆ ಗೋಡೆಯ ಕಿಟಕಿಯಿಂದ ಬೆಳಕು ಪಡೆಯುವ ಕೋಣೆ ಚಿತ್ರದಲ್ಲಿ ಇರುವುದಕ್ಕಿಂತ ಹೆಚ್ಚು ಬೆಳಗುತ್ತದೆ, ಮೇಲಿನಿಂದ ಬೆಳಕು ಬರುವ ತೊಟ್ಟಿಯೂ ಸ್ಕೈಲೈಟೂ ಮಂಕಾಗುತ್ತವೆ. ತಪ್ಪು ಎರಡೂ ದಿಕ್ಕಿಗೆ ಎಳೆಯುತ್ತದೆ, ಎಕ್ಸ್‌ಪೋಶರ್‌ನಿಂದ ಸರಿಪಡಿಸಲು ಆಗುವುದಿಲ್ಲ. ಬ್ಲೆಂಡರ್‌ನಲ್ಲಿ ಇದಕ್ಕೆ ಪರಿಹಾರ ಸುಲಭ. ವರ್ಲ್ಡ್ ನೋಡ್‌ಗಳಲ್ಲಿ (ಆಕಾಶದ ಲೆಕ್ಕವನ್ನು ಹೆಣೆಯುವ ಪೆಟ್ಟಿಗೆಗಳಲ್ಲಿ) ಟೆಕ್ಸ್ಚರ್ ಕೋಆರ್ಡಿನೇಟ್‌ನ ಜನರೇಟೆಡ್ ತಂತುವನ್ನು ಸಪರೇಟ್ ಎಕ್ಸ್‌ವೈಝಡ್‌ಗೆ ಕೊಡಿ. ಅದರಿಂದ ಬರುವ ಝಡ್ ಬೆಲೆಯೇ ಎತ್ತರದ ಕೋನದ ಸೈನ್. ಅದನ್ನು 2ರಿಂದ ಗುಣಿಸಿ, 1 ಕೂಡಿಸಿ, 3ರಿಂದ ಭಾಗಿಸಿ. ನೆತ್ತಿಗೆ 1, ದಿಗಂತಕ್ಕೆ ಮೂರನೇ ಒಂದು ಬರುತ್ತದೆ. ದಿಗಂತದ ಕೆಳಗೆ ಝಡ್ ಋಣವಾಗುತ್ತದೆ, ಸೊನ್ನೆಗಿಂತ ಕೆಳಗಿಳಿಯದಂತೆ ಕ್ಲ್ಯಾಂಪ್ ಮಾಡಿ ಅಥವಾ ವಿಶಾಲವಾದ ನೆಲ ಹಾಸಿ. ಈ ಫಲವನ್ನು ಗುಣಿಸಬೇಕಾದ ನೆತ್ತಿಯ ಬೆಲೆ ಎಷ್ಟು? ಭಾಗಿಸಿ ಬಂದ 101ಕ್ಕೆ 0.41ರ ಗುಣಾಕಾರ, ಅಂದರೆ ಸುಮಾರು 41.

ತಿಳಿ ಆಕಾಶಕ್ಕೆ ಸ್ಕೈ ಟೆಕ್ಸ್ಚರ್ ಬಳಸಿ, ಅದರ ಸೂರ್ಯಬಿಂಬವನ್ನು ಮಾತ್ರ ಆಫ್ ಮಾಡಿ, ಏಕೆಂದರೆ ಸೂರ್ಯನನ್ನು ನಾವು ಬೇರೆಯಾಗಿ ಇಟ್ಟಿದ್ದೇವೆ. ಅದರ ಸ್ಟ್ರೆಂತ್ ಎಷ್ಟು ಎಂಬುದನ್ನು ಕೆಳಗೆ ಹೇಳುವ ಬಿಳಿ ಫಲಕದಿಂದ ಅಳೆದುಕೊಳ್ಳಬೇಕು.

ಎಚ್‌ಡಿಆರ್‌ಐ, ಅಂದರೆ ನಿಜವಾದ ಆಕಾಶವನ್ನು ಸುತ್ತಲೂ ಸೆರೆಹಿಡಿದ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಪಾಲಿ ಹೇವನ್‌ನಂಥ ತಾಣದಲ್ಲಿ ಉಚಿತವಾಗಿ ಸಿಗುವ ಅವು ಸೊಗಸಾಗಿವೆ, ಸಂಶಯವಿಲ್ಲ. ಆದರೆ ಅದು ಇನ್ನೊಂದು ಊರಿನ, ಇನ್ನೊಂದು ದಿನದ ಆಕಾಶ. ಸೂರ್ಯ ಮೂವತ್ತು ಡಿಗ್ರಿಯಲ್ಲಿ ನಿಂತಿರುವ ಐರೋಪ್ಯ ಆಕಾಶವನ್ನು ತಂದು ಏಪ್ರಿಲ್ ಮಧ್ಯಾಹ್ನದ ಬೆಂಗಳೂರು ಎಂದರೆ ಹೇಗೆ? ಕಿಟಕಿಯಾಚೆ ಕಾಣುವ ಹಿನ್ನೆಲೆಗೆ, ಗಾಜಿನ ಪ್ರತಿಬಿಂಬಕ್ಕೆ ಬಳಸಿ. ಬೆಳಕಿನ ಮೂಲವಾಗಿ ಬೇಡ.

ದೀಪದ ಕಡತವನ್ನು ಓದಲು ಕಲಿಯಿರಿ

ದೀಪವನ್ನು ಗೋನಿಯೋಫೋಟೋಮೀಟರ್ ಎಂಬ ಯಂತ್ರಕ್ಕೆ ಕಟ್ಟಿ, ಕೋನ ಕೋನದಲ್ಲೂ ಎಷ್ಟು ಬೆಳಕು ಹೊರಡುತ್ತದೆ ಎಂದು ಅಳೆದು ಬರೆದದ್ದೇ ಐಇಎಸ್ ಕಡತ. ಅಮೆರಿಕದ ಬೆಳಕಿನ ಎಂಜಿನಿಯರುಗಳ ಸಂಘ 1986ರಲ್ಲಿ ಇದರ ರೂಪವನ್ನು ಗೊತ್ತುಮಾಡಿತು. ಯುರೋಪಿನಲ್ಲಿ ಎಲ್‌ಡಿಟಿ ಎಂಬ ಇನ್ನೊಂದು ರೂಪ ಚಾಲ್ತಿಯಲ್ಲಿದೆ. ಸಿಗ್ನಿಫೈ, ಎರ್ಕೋ, ಐಗುಝೀನಿಯಂಥ ತಯಾರಕರು ತಮ್ಮ ತಾಣದಲ್ಲೇ ಇವನ್ನು ಇಟ್ಟಿದ್ದಾರೆ. ಪೇಟೆ ಬೀದಿಯ ಅಂಗಡಿಯಲ್ಲಿ ಸಿಗುವ ಅಗ್ಗದ ಡೌನ್‌ಲೈಟ್‌ಗೆ ಕಡತ ಇರುವುದಿಲ್ಲ. ಆಗ ಅದೇ ಲ್ಯೂಮೆನ್, ಅದೇ ಕಿರಣಕೋನದ ಇನ್ನೊಂದು ದೀಪದ ಕಡತ ತೆಗೆದುಕೊಂಡು, ಹಾಗೆ ಮಾಡಿದ್ದೇವೆ ಎಂದು ಬರೆದಿಡಿ.

ಇದು ಬರಿಯ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಮೇಲ್ಗಡೆ ತಯಾರಕರು, ಮಾದರಿ ಸಂಖ್ಯೆಗಳ ಸಾಲುಗಳು. ಆಮೇಲೆ ಟಿಲ್ಟ್ ಎಂಬ ಸಾಲು. ಅದರ ಕೆಳಗೆ ಹೀಗೊಂದು ಸಾಲು ಬರುತ್ತದೆ:

1 -1 1 19 1 1 2 -0.1 -0.1 0

ಎಡದಿಂದ ಓದೋಣ. ದೀಪ ಒಂದು. ಅದರ ಲ್ಯೂಮೆನ್ -1: ಇದು ದೋಷವಲ್ಲ, ಕೆಳಗಿನ ಕ್ಯಾಂಡೆಲಾ (ಒಂದು ದಿಕ್ಕಿಗೆ ಹೊರಡುವ ಬೆಳಕಿನ ತೀವ್ರತೆ) ಅಂಕಿಗಳೇ ಅಂತಿಮ ಎಂಬ ಸೂಚನೆ, ಎಲ್‌ಇಡಿ ದೀಪಗಳಲ್ಲಿ ಇದೇ ಸಾಮಾನ್ಯ. ಹಳೆಯ ಕಡತಗಳಲ್ಲಿ ಇಲ್ಲಿ 1000 ಎಂದಿದ್ದರೆ ಅನುಮಾನಪಡಿ, ಸಾವಿರ ಲ್ಯೂಮೆನ್‌ಗೆ ಇಳಿಸಿ ಬರೆದ ಅಂಕಿಗಳಿರಬಹುದು. ಮುಂದಿನ 1 ಗುಣಕ. 19 ಲಂಬ ಕೋನಗಳು: ಸೊನ್ನೆಯಿಂದ 90 ಡಿಗ್ರಿಯವರೆಗೆ ಐದೈದರಂತೆ. ಅಡ್ಡ ಕೋನ 1: ಅಂದರೆ ದೀಪ ಸುತ್ತಲೂ ಸಮನಾಗಿ ಬೆಳಗುತ್ತದೆ. ಮುಂದಿನ 1 ಅಳತೆಯ ವಿಧಾನ. 2 ಎಂದರೆ ಮೀಟರ್, 1 ಇದ್ದರೆ ಅಡಿ. ಕೊನೆಯ ಮೂರು ಬೆಳಗುವ ಭಾಗದ ಗಾತ್ರ; ಋಣ ಚಿಹ್ನೆ ಇದ್ದರೆ ಅದು ದುಂಡಗಿದೆ. ಮುಂದಿನ ಸಾಲಿನ ಮೂರನೆಯ ಅಂಕಿ ವ್ಯಾಟ್.

ಗೋಡೆಯನ್ನು ಮಾತ್ರ ಬೆಳಗಿಸುವ ವಾಲ್‌ವಾಷರ್ ದೀಪವಾದರೆ ಅಡ್ಡ ಕೋನಗಳು ಹಲವು ಇರುತ್ತವೆ. ಅಂಥದ್ದನ್ನು ಇಟ್ಟ ಮೇಲೆ ಒಮ್ಮೆ ರೆಂಡರ್ ಮಾಡಿ, ಬೆಳಕು ಗೋಡೆಯ ಕಡೆಗೇ ಹೋಗುತ್ತಿದೆಯೇ ನೋಡಿ. 90 ಡಿಗ್ರಿ ತಿರುಗಿ ಕುಳಿತಿರುವುದು ಬಹಳ ಸಾಮಾನ್ಯ.

ಕಡತದಲ್ಲಿ ಬಣ್ಣ ಇರುವುದಿಲ್ಲ. ಹಳದಿ ಛಾಯೆಯ 3000 ಕೆಲ್ವಿನ್‌ನದೋ ತಣ್ಣನೆಯ ಬಿಳಿಯ 6500ರದೋ ಎಂಬುದನ್ನು ದೀಪದ ವಿವರಪಟ್ಟಿ ನೋಡಿ ನೀವೇ ಕೊಡಬೇಕು.

ಬ್ಲೆಂಡರ್‌ಗೆ ಜೋಡಿಸುವುದು

ಪಾಯಿಂಟ್ ಲೈಟ್ ಇಟ್ಟು ಪವರ್ 1 ವ್ಯಾಟ್ ಮಾಡಿ. ರಟ್ಟಿನ ಡಬ್ಬಿಯ ಮೇಲಿನ 10 ವ್ಯಾಟ್ ವಿದ್ಯುತ್ತಿನದು, ಇಲ್ಲಿ ಅದಕ್ಕೆ ಕೆಲಸವಿಲ್ಲ. ತ್ರಿಜ್ಯವನ್ನು ನಿಜವಾದ ದೀಪದಷ್ಟೇ, ಸುಮಾರು 0.05 ಮೀಟರ್ ಇಡಿ. ಯೂಸ್ ನೋಡ್ಸ್ ಒತ್ತಿ, ಐಇಎಸ್ ಟೆಕ್ಸ್ಚರ್ ನೋಡ್ ಸೇರಿಸಿ, ಕಡತವನ್ನು ಆರಿಸಿ, ಅದರ ಫ್ಯಾಕ್ಟರ್ ಅನ್ನು ಎಮಿಶನ್‌ನ ಸ್ಟ್ರೆಂತ್‌ಗೆ ಕೊಡಿ. ಬಣ್ಣಕ್ಕೆ ಬ್ಲ್ಯಾಕ್‌ಬಾಡಿ ನೋಡ್. ಇದು ಸೈಕಲ್ಸ್‌ನಲ್ಲಿ ಮಾತ್ರ ನಡೆಯುತ್ತದೆ, ಬ್ಲೆಂಡರ್‌ನ ಇನ್ನೊಂದು ಎಂಜಿನ್ ಈವಿಯಲ್ಲಿ ಐಇಎಸ್ ಕೆಲಸ ಮಾಡುವುದಿಲ್ಲ. ದೀಪದ ಆಕಾರದ ಮಾದರಿಯೊಳಗೆ ಈ ಬಿಂದುವನ್ನು ಹುದುಗಿಸಬೇಡಿ, ಗಾಜು-ಲೋಹಗಳು ಬೆಳಕನ್ನು ಮತ್ತೊಮ್ಮೆ ತಡೆಯುತ್ತವೆ. ಒಂದೆರಡು ಸೆಂಟಿಮೀಟರ್ ಕೆಳಗಿರಲಿ.

ಟ್ಯೂಬ್‌ಲೈಟ್, ಫಾಲ್ಸ್ ಸೀಲಿಂಗ್‌ನ ಕೋವ್ ಪಟ್ಟಿಗಳಿಗೆ ಐಇಎಸ್ ಸಲ್ಲದು. ಕಡತ ದೀಪವನ್ನು ದೂರದ ಒಂದು ಬಿಂದು ಎಂದು ಭಾವಿಸುತ್ತದೆ. ದೀಪದ ಉದ್ದದ ಐದು ಪಟ್ಟಿಗಿಂತ ಹತ್ತಿರದಲ್ಲಿ ಆ ಭಾವನೆ ಕೆಡುತ್ತದೆ. ನಾಲ್ಕಡಿ ಟ್ಯೂಬ್‌ಗೆ ಐದು ಪಟ್ಟು ಎಂದರೆ ಇಪ್ಪತ್ತು ಅಡಿ, ನಮ್ಮ ಹಾಲ್‌ಗಳಲ್ಲಿ ಅಷ್ಟು ದೂರ ಎಲ್ಲಿದೆ? ಅವಕ್ಕೆ ಉದ್ದನೆಯ ಏರಿಯಾ ಲೈಟ್ ಇಟ್ಟು, ಲ್ಯೂಮೆನ್ ಅನ್ನು 178ರಿಂದ ಭಾಗಿಸಿ ಪವರ್ ಕೊಡಿ: 2000 ಲ್ಯೂಮೆನ್‌ಗೆ 11.2. ಬ್ಲೆಂಡರ್ ಕೈಪಿಡಿಯಲ್ಲಿ 800 ಲ್ಯೂಮೆನ್ ಬಲ್ಬಿಗೆ ಸುಮಾರು 2 ವ್ಯಾಟ್ ಎಂಬ ಪಟ್ಟಿ ಇದೆ. ಅದು ಬೇರೆ ದಕ್ಷತೆಯ ಲೆಕ್ಕ, ಇದರ ಜೊತೆ ಬೆರೆಸಿದರೆ ದೀಪ ದೀಪಕ್ಕೂ ಹೊಂದುವುದಿಲ್ಲ.

ಬಿಳಿ ಫಲಕದ ಪರೀಕ್ಷೆ

ಇದನ್ನು ಮಾಡದೆ ಮುಂದೆ ಹೋಗಬೇಡಿ. ಇಡೀ ಕ್ರಮದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ. ಖಾಲಿ ದೃಶ್ಯದಲ್ಲಿ ಒಂದೇ ಡೌನ್‌ಲೈಟ್, 2.7 ಮೀಟರ್ ಎತ್ತರದಲ್ಲಿ. ಅದರ ನೇರ ಕೆಳಗೆ ಮೇಜಿನ ಎತ್ತರ, ಅಂದರೆ 0.75 ಮೀಟರಿನಲ್ಲಿ, ಡಿಫ್ಯೂಸ್ ಶೇಡರಿನ, 0.8 ಬಿಳುಪಿನ ಒಂದು ಫಲಕ. ದೀಪದ ಬಣ್ಣ ಸದ್ಯಕ್ಕೆ ಶುದ್ಧ ಬಿಳಿ. ಆಕಾಶ, ಸೂರ್ಯ ಆರಿರಲಿ.

ಕಡತದಲ್ಲಿ ಸೊನ್ನೆ ಡಿಗ್ರಿಯ ಕ್ಯಾಂಡೆಲಾ 1200 ಎಂದಿಟ್ಟುಕೊಳ್ಳಿ. ದೂರ 1.95 ಮೀಟರ್, ಅದರ ವರ್ಗ 3.8. 1200 ಅನ್ನು 3.8ರಿಂದ ಭಾಗಿಸಿದರೆ 316 ಲಕ್ಸ್. ಅದನ್ನು 178ರಿಂದ ಭಾಗಿಸಿ 1.77; 0.8ರಿಂದ ಗುಣಿಸಿ ಪೈ ಇಂದ ಭಾಗಿಸಿದರೆ 0.45. ರೆಂಡರ್ ಆದ ಮೇಲೆ ಬ್ಲೆಂಡರ್ ಚಿತ್ರ ತೋರಿಸುವ ವಿಂಡೋದಲ್ಲಿ ಫಲಕದ ನಡುವೆ ಮೌಸ್‌ನ ಬಲಗುಂಡಿ ಒತ್ತಿ ಹಿಡಿದರೆ ಕೆಳಗೆ ಲೀನಿಯರ್ ಅಂಕಿಗಳು ತೋರುತ್ತವೆ. 0.45ರ ಆಸುಪಾಸು ಇದ್ದರೆ ದೀಪ ಸರಿಯಾಗಿದೆ. 4.5 ಬಂದರೆ ಪವರ್ ತಾನಾಗಿ ಬರುವ 10ರಲ್ಲೇ ಉಳಿದಿದೆ. ಸೊನ್ನೆಗೆ ಹತ್ತಿರ ಬಂದರೆ ಅಳತೆಯ ಮಾನ ತಪ್ಪಿದೆ, ಇಲ್ಲವೇ ದೀಪ ಮೇಲ್ಮುಖವಾಗಿದೆ.

ಇದೇ ಫಲಕವನ್ನು ಬಯಲಿನಲ್ಲಿ ಮಲಗಿಸಿ, ಸೂರ್ಯನನ್ನು ಆರಿಸಿ, ಸ್ಕೈ ಟೆಕ್ಸ್ಚರ್ ಮಾತ್ರ ಉರಿಸಿ. 18,000 ಲಕ್ಸ್‌ನ ಆಕಾಶಕ್ಕೆ ಫಲಕ 25.7 ತೋರಿಸಬೇಕು: 101 ಗುಣಿಸು 0.8, ಭಾಗಿಸು 3.14. ನಿಮಗೆ ಬೇರೆ ಅಂಕಿ ಬಂದರೆ 25.7 ಅನ್ನು ಅದರಿಂದ ಭಾಗಿಸಿ, ಆ ಭಾಗಲಬ್ಧದಿಂದ ಸ್ಟ್ರೆಂತ್ ಅನ್ನು ಗುಣಿಸಿ. ಮುಗಿಯಿತು.

ಎಕ್ಸ್‌ಪೋಶರ್ ಮತ್ತು ಬಣ್ಣ

ಹೊರಗಿನ ಬಿಸಿಲಿನ ದೃಶ್ಯವನ್ನು ಈಗ ರೆಂಡರ್ ಮಾಡಿದರೆ ಪರದೆ ಪೂರ್ತಿ ಬಿಳಿ. ಗಾಬರಿ ಬೇಡ. ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಪೋಶರ್ ಅನ್ನು ಮೈನಸ್ 7ರ ಸುತ್ತ ಇಳಿಸಿ. 300 ಲಕ್ಸ್‌ನ ರಾತ್ರಿಯ ಹಾಲ್‌ಗೆ ಅದು 0ಯಿಂದ 1ರ ನಡುವೆ ಬರುತ್ತದೆ. ನಿಜವಾದ ಕ್ಯಾಮೆರಾದಲ್ಲೂ ಬಿಸಿಲಿಗೂ ದೀಪದ ಕೋಣೆಗೂ ಏಳೆಂಟು ಸ್ಟಾಪ್‌ಗಳ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ) ಅಂತರವೇ ಇರುತ್ತದೆ, ಹಾಗಾಗಿ ಲೆಕ್ಕ ಹಳಿಯ ಮೇಲಿದೆ ಎಂದು ತಿಳಿಯಬಹುದು.

ಹಗಲಿನ ಒಳಾಂಗಣದಲ್ಲಿ ಕಿಟಕಿ ಬಿಳಿಯಾಗಿ ಸುಟ್ಟುಹೋಗುತ್ತದೆ, ಕೋಣೆಯ ಒಳಮೂಲೆ ಕಪ್ಪಾಗುತ್ತದೆ. ನಿಜದ ಫೋಟೋದಲ್ಲೂ ಹಾಗೆಯೇ. ಇಲ್ಲಿ ಕೈ ತುರಿಸಿ ಕಿಟಕಿಯ ಹಿಂದೆ ಒಂದು ಏರಿಯಾ ಲೈಟ್ ಬಚ್ಚಿಡುವವರೇ ಹೆಚ್ಚು. ಅಲ್ಲಿಗೆ ಇಷ್ಟು ಹೊತ್ತಿನ ಲೆಕ್ಕ ನೀರುಪಾಲು. ಕಣ್ಣು ಕ್ಯಾಮೆರಾಕ್ಕಿಂತ ಹೆಚ್ಚು ವ್ಯಾಪ್ತಿ ನೋಡುತ್ತದೆ ಎಂಬುದು ನಿಜ. ಅದಕ್ಕೆ ಬ್ಲೆಂಡರ್‌ನಲ್ಲಿ ಹೆಚ್ಚು ವ್ಯಾಪ್ತಿಯನ್ನು ಪರದೆಗೆ ಹೊಂದಿಸುವ ಎಜಿಎಕ್ಸ್ ವ್ಯೂ ಇದೆ, ಚಿತ್ರ ಸಿದ್ಧವಾದ ಮೇಲೆ ಹೈಲೈಟ್ ಇಳಿಸಬಹುದು. ಬೆಳಕನ್ನು ಹೊಸದಾಗಿ ಹುಟ್ಟಿಸಬಾರದು.

ಬಣ್ಣದಲ್ಲಿ ಒಂದೇ ಮಾತು. ಯಾವ ಬೆಳಕನ್ನು ಬಿಳಿ ಎಂದು ಹಿಡಿಯಬೇಕು ಎನ್ನುವ ವೈಟ್ ಬ್ಯಾಲೆನ್ಸ್ 6500ರಲ್ಲಿದ್ದು ದೀಪಗಳು 3000 ಕೆಲ್ವಿನ್ ಆದರೆ ಕೋಣೆ ಕಿತ್ತಳೆ ಹಣ್ಣಿನಂತಾಗುತ್ತದೆ. ರಾತ್ರಿಯ ಚಿತ್ರಕ್ಕೆ 3500ರಿಂದ 4000ಕ್ಕೆ ಇಳಿಸಿ. ಹಗಲಿಗೆ 5500ರಿಂದ 6500.

ಬೇರೆ ತಂತ್ರಾಂಶದವರಿಗೆ

ವಿ-ರೇಯಲ್ಲಿ ಐಇಎಸ್ ಲೈಟ್ ಬೇರೆಯಾಗಿಯೇ ಇದೆ. ತೀವ್ರತೆಯನ್ನು ಬದಲಿಸುವ ಆಯ್ಕೆಯನ್ನು ಮುಟ್ಟದಿದ್ದರೆ ಕಡತದ ಬೆಲೆಯನ್ನೇ ಬಳಸುತ್ತದೆ; ಲಕ್ಸ್ ಅಳೆಯಲು ಲೈಟಿಂಗ್ ಅನಾಲಿಸಿಸ್ ಎಂಬ ರೆಂಡರ್ ಎಲಿಮೆಂಟ್ ಇದೆ. ರೆವಿಟ್‌ನಲ್ಲಿ ದೀಪದ ಫ್ಯಾಮಿಲಿಯ ಫೋಟೋಮೆಟ್ರಿಕ್ ವೆಬ್ ಫೈಲ್ ಜಾಗದಲ್ಲಿ ಕಡತ ಕೊಡಿ, ಅಲ್ಲೇ ಇರುವ ಲೈಟ್ ಲಾಸ್ ಫ್ಯಾಕ್ಟರ್ ಅನ್ನು 0.8 ಮಾಡಿ. ದೀಪ ಹಳೆಯದಾಗುತ್ತದೆ, ಧೂಳು ಕೂರುತ್ತದೆ; ರಸ್ತೆ ಬದಿಯ ಮನೆಗೆ 0.7 ಇಟ್ಟರೂ ಅತಿಯಲ್ಲ. ಲುಮಿಯಾನ್, ಎನ್‌ಸ್ಕೇಪ್‌ಗಳಲ್ಲಿ ಐಇಎಸ್ ಬೆಳಕಿನ ಆಕಾರವನ್ನು ತೋರಿಸುತ್ತದೆ, ಅದರ ಅಂಕಿಯನ್ನು ನೆಚ್ಚಿ ಲಕ್ಸ್ ವರದಿ ಬರೆಯಬೇಡಿ. ವರದಿಯೇ ಬೇಕಾದರೆ ಡಯಲಕ್ಸ್ ಇವೋ ಉಚಿತ. ರೈನೋ ಬಳಸುವವರು ಲೇಡಿಬಗ್ ಹಾಕಿಕೊಂಡರೆ ಹವಾಮಾನದ ಕಡತವನ್ನು ನೇರವಾಗಿ ರೇಡಿಯನ್ಸ್‌ನ ಆಕಾಶಕ್ಕೆ ಇಳಿಸುತ್ತದೆ, ಮೇಲಿನ ಭಾಗಾಕಾರಗಳನ್ನು ಮಾಡುವ ಅಗತ್ಯವಿರುವುದಿಲ್ಲ.

ಚಿತ್ರವನ್ನು ಕೈಗೆ ಕೊಡುವಾಗ

ಪ್ರತಿ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ದಿನಾಂಕ, ಗಂಟೆ, ಆಕಾಶದ ಸ್ಥಿತಿ, ಉರಿಯುತ್ತಿರುವ ದೀಪಗಳ ಸಂಖ್ಯೆ, ಎಕ್ಸ್‌ಪೋಶರ್ ಬರೆಯಿರಿ. ಹಗಲಿನ ಎರಡು ಚಿತ್ರಗಳನ್ನು ಹೋಲಿಸಲು ಕೊಡುವುದಾದರೆ ಎರಡಕ್ಕೂ ಎಕ್ಸ್‌ಪೋಶರ್ ಒಂದೇ ಇರಲಿ. ಜೂನ್‌ನದಕ್ಕೆ ಒಂದು, ಡಿಸೆಂಬರ್‌ನದಕ್ಕೆ ಒಂದು ಕೊಟ್ಟರೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಕೆಗೆ ಅರ್ಥ ಉಳಿಯುವುದಿಲ್ಲ. ಜೊತೆಗೆ ಬೆಳಕಿನ ಪ್ರಮಾಣವನ್ನು ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುವ ಫಾಲ್ಸ್ ಕಲರ್ ವ್ಯೂನಲ್ಲಿ ತೆಗೆದ ಒಂದು ಚಿತ್ರ ಸೇರಿಸಿ. ಓದುವ ಮೇಜಿಗೆ 300ರಿಂದ 500 ಲಕ್ಸ್ ಬೇಕು, ಓಡಾಡುವ ಜಾಗಕ್ಕೆ 100 ಸಾಕು. ಯಾವ ಬಣ್ಣ ಎಷ್ಟು ಎಂದು ಬದಿಯಲ್ಲಿ ಬರೆದಿದ್ದರೆ ಮನೆಯವರೇ ಬೆರಳಿಟ್ಟು, ಇಲ್ಲಿ ಮಕ್ಕಳು ಓದುತ್ತಾರೆ, ಇನ್ನೊಂದು ದೀಪ ಬೇಕು ಎನ್ನುತ್ತಾರೆ. ಆ ದೀಪದ ಕಡತವನ್ನೂ ಕೇಳಿ ತರಿಸಿಕೊಳ್ಳಿ.